ಬೂದನ ಮೈಮೇಲಿನ ಗೆರೆ

ಹಸಿ ಕೆಮ್ಮಣ್ಣಿನ ವಾಸನೆಗೆ ಯಾರಾದರೂ ಹೆದರುತ್ತಾರಾ? ನಾನು ಹೆದರುತ್ತೇನೆ. ಮೊನ್ನೆ ಶಿವಮೊಗ್ಗದ ನಮ್ಮ ಬೀದಿಯ ತುದಿಯಲ್ಲಿರುವ ಗಿಡಗಳ ಅಂಗಡಿಗೆ ಹೋಗಿದ್ದೆ. ಹೆಂಗಸೊಬ್ಬಳು ಸಾಲಾಗಿ ಇಟ್ಟ ಹೂಕುಂಡಗಳಿಗೆ ಬಕೆಟ್ಟಿನಲ್ಲಿ ಕಲಸಿದ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಅದ್ದಿ ಅದ್ದಿ ಬಳಿಯುತ್ತಿದ್ದಳು. ಬಿಸಿಲಿಗೆ ಕಾದ ಕುಂಡಕ್ಕೆ ತಣ್ಣನೆಯ ಮಣ್ಣು ತಾಗಿ ಆ ವಾಸನೆ ಎದ್ದದ್ದೇ ತಡ, ನಾನು ಕೈಯಲ್ಲಿದ್ದ ಗಿಡವನ್ನು ಕೆಳಗಿಟ್ಟುಬಿಟ್ಟೆ. ಬೇರೆಯವರಿಗೆ ಅದು ಮೊದಲ ಮಳೆಯ ನೆನಪು ತರುತ್ತದಂತೆ, ಹಬ್ಬದ ದಿನದ ಹೊಸ್ತಿಲು ಕಣ್ಣ ಮುಂದೆ ಬರುತ್ತದಂತೆ. ಪುಣ್ಯವಂತರು! ನನಗೆ ಕಾಣುವುದು ಶಿಕಾರಿಪುರದ ನಮ್ಮ ಹಳೇ ಮನೆಯ ಹಿಂದಿನ ಕೋಣೆ, ಅಲ್ಲಿ ಗೋಡೆಗೆ ಮುಖ ಮಾಡಿ ಕುಪ್ಪಸ ಎತ್ತಿ ಕೂತ ಶಾರದತ್ತೆ, ಅವಳ ಪಕ್ಕೆಯ ಮೇಲೆ ಅಜ್ಜಿ ಬೆರಳಿನಿಂದ ಎಳೆಯುತ್ತಿದ್ದ ಕೆಂಪು ಗೆರೆ, ಮತ್ತು ಹಿತ್ತಲಿನ ಗೂಡಿನಲ್ಲಿ ಕಿವಿಗಳನ್ನು ಬೆನ್ನಿಗೆ ಅಂಟಿಸಿಕೊಂಡು ಕೂತ ಬೂದು ಬಣ್ಣದ ಒಂದು ಮೊಲ. ಗಿಡ ಕೊಳ್ಳದೆಯೇ ಮನೆಗೆ ಬಂದೆ.

ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಮುಂದಿನರ್ಧ ಹೋಯಿತು, ಹಿಂದಿನರ್ಧವನ್ನು ನಾವೇ ಮಾರಿದೆವು. ಈಗ ಅಲ್ಲಿ ಮೊಬೈಲ್ ಅಂಗಡಿಯೊಂದು, ಬೇಕರಿಯೊಂದು ಇವೆ. ಹಿತ್ತಲಿದ್ದ ಜಾಗದಲ್ಲಿ ಬೈಕುಗಳು ನಿಲ್ಲುತ್ತವೆ. ಇದ್ದಾಗಲೂ ಅದೇನು ದೊಡ್ಡ ಮನೆಯಲ್ಲ. ಅಗಲ ಕಡಿಮೆ, ಉದ್ದ ಜಾಸ್ತಿ. ಮುಂಬಾಗಿಲಲ್ಲಿ ನಿಂತರೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಕಾಣಿಸುತ್ತಿತ್ತು. ಅಪ್ಪ ಶಿಕಾರಿಪುರದಿಂದ ಸೊರಬದ ಮೇಲೆ ಆನವಟ್ಟಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು. ಆದ್ದರಿಂದ ನಮ್ಮ ಮನೆಯ ಅರ್ಧ ಸಾಮಾನು ಬಸ್ಸಿನದೇ. ಅಟ್ಟದ ಏಣಿ ಬಸ್ಸಿನದು, ಅಜ್ಜಿ ಕೂರುವ ದಿಂಬು ಬಸ್ಸಿನ ಸೀಟಿನದು, ಮೊಲದ ಗೂಡು ಕೂಡ ಮುರಿದ ಸೀಟಿನ ಕಬ್ಬಿಣದ ಚೌಕಟ್ಟಿಗೆ ತಂತಿಬಲೆ ಬಿಗಿದು ಅಪ್ಪ ಮಾಡಿಕೊಟ್ಟದ್ದು. ಅದರ ಮೇಲೊಂದು ಗೋಣಿಚೀಲ, ಒಳಗೆ ಭತ್ತದ ಹುಲ್ಲು. ಒಣಹುಲ್ಲು, ಗರಿಕೆ, ಮೊಲದ ಉಚ್ಚೆಯ ಖಾರ ವಾಸನೆ, ಇವೆಲ್ಲ ಸೇರಿದ ಒಂದು ಬೆಚ್ಚನೆಯ ಗಾಳಿ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಬರುತ್ತಿತ್ತು. ಅಮ್ಮ ಮೂಗು ಮುಚ್ಚಿಕೊಳ್ಳುವಳು. ನನಗೆ ಅದು ಇಷ್ಟ.

ಶಾರದತ್ತೆ ಅಪ್ಪನ ತಂಗಿ. ಆನವಟ್ಟಿಗೆ ಮದುವೆಯಾಗಿ ಹೋಗಿದ್ದವಳು ಒಂದು ಮಧ್ಯಾಹ್ನ ಅಪ್ಪನದೇ ಬಸ್ಸಿನಲ್ಲಿ ವಾಪಸ್ಸು ಬಂದಳು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಮುಚ್ಚಳವಿದ್ದ ಬಿದಿರಿನ ಬುಟ್ಟಿ. ಯಾಕೆ ಬಂದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಜ್ಜಿ ಕೇಳಿದ್ದು ಬುಟ್ಟಿಯಲ್ಲಿ ಏನಿದೆ ಎಂದು. "ನಿನ್ ಮೊಮ್ಮಗ ಅಂತ ತಿಳ್ಕೊ ಅವ್ವ" ಎಂದು ಅತ್ತೆ ಮುಚ್ಚಳ ತೆಗೆದಳು. ಒಳಗಿಂದ ಒಂದು ಮೂಗು ಮೇಲೆ ಬಂತು, ಗಾಳಿ ಮೂಸಿತು. ಮಕ್ಕಳಾಗಲಿಲ್ಲ ಎಂಬುದೇ ಅವಳು ವಾಪಸ್ಸು ಬಂದದ್ದಕ್ಕೆ ಕಾರಣ ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಅವತ್ತು ನಾನು ಮೊಲ ಸಿಕ್ಕಿತೆಂದು ಕುಣಿದೆ. ಅತ್ತೆ ಅದನ್ನು ಬೂದ ಎಂದು ಕರೆಯುತ್ತಿದ್ದಳು. "ಮನೆಯೊಳಗೆ ಬೂದಿ ಬೂದಿ ಅಂತ ಯಾರಾದ್ರೂ ಕೂಗ್ತಾರಾ ಮಾರಾಯ್ತಿ, ಬೇರೆ ಹೆಸ್ರು ಸಿಗ್ಲಿಲ್ವಾ?" ಎಂದು ಅಜ್ಜಿ ಅಂದೇ ಶುರು ಮಾಡಿದಳು.

ಅಜ್ಜಿಯ ತವರು ಸೊರಬದ ಕಡೆ. ಶಿಕಾರಿಪುರಕ್ಕೆ ಬಂದು ಮೊಮ್ಮಕ್ಕಳನ್ನು ಕಂಡರೂ ಅವಳ ಬಾಯಿಂದ ಮಾರಾಯ್ತಿ ಹೋಗಲಿಲ್ಲ. ನಾವೆಲ್ಲ ಐತಿ ಎಂದರೆ ಅವಳು ಅದೆ ಎನ್ನುವಳು. ಅವಳಷ್ಟು ಹೆದರುವ ಮನುಷ್ಯರನ್ನು ನಾನು ಆಮೇಲೆ ಕಂಡಿಲ್ಲ, ಮತ್ತು ಆ ಹೆದರಿಕೆಯನ್ನು ಅವಳಷ್ಟು ಚೆನ್ನಾಗಿ ಹಂಚುವವರನ್ನೂ ಕಂಡಿಲ್ಲ. ಸಂಜೆ ಹೊತ್ತು ಉಗುರು ತೆಗೆಯಬಾರದು. ಹಾವಿನ ಹೆಸರು ಎತ್ತಬಾರದು, ಎತ್ತಲೇಬೇಕಾದರೆ ಹುಳ ಎನ್ನಬೇಕು. ಬಾಚಿದ ಕೂದಲು ಮನೆಯಲ್ಲಿ ಹಾರಾಡಿದರೆ ಜಗಳ ಖಂಡಿತ. ಕತ್ತರಿಯನ್ನು ಸುಮ್ಮನೆ ಆಡಿಸಿದರಂತೂ ಸಂಸಾರವೇ ಎರಡಾಗುತ್ತದೆ. ಅತ್ತೆಗೆ ಹೊಲಿಗೆಯೇ ಕಸುಬು. ಮುಂಬಾಗಿಲ ಹತ್ತಿರ ಮಿಷಿನ್ನು ಹಾಕಿಕೊಂಡು, ಕೊರಳಿಗೆ ಟೇಪು ನೇತುಹಾಕಿಕೊಂಡು, ದಿನವಿಡೀ ಕತ್ತರಿ ಆಡಿಸುವವಳು. "ಅದ್ಕೇ ಹಿಂಗಾಯ್ತು" ಎಂದು ಅಜ್ಜಿ ಒಮ್ಮೆ ಬಾಯಿಬಿಟ್ಟು ಅಂದೇಬಿಟ್ಟಳು. ಅತ್ತೆ ನಕ್ಕಳು. "ನೀನ್ ಹೆದ್ರೋದು ನೋಡಿದ್ರೆ ಆ ದೇವ್ರಿಗೇ ಹೆದ್ರಿಕೆ ಆಗ್ಬೇಕವ್ವ" ಎಂದಳು. ಮನೆಯಲ್ಲಿ ಯಾವುದಕ್ಕೂ ಹೆದರದವಳು ಅವಳೊಬ್ಬಳೇ ಎಂದು ನಾನು ನಂಬಿಕೊಂಡಿದ್ದೆ.

ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಹೊರಟ ದಿನಗಳು. ಅತ್ತೆಯ ಬಲಪಕ್ಕೆಯಲ್ಲಿ ಉರಿ ಶುರುವಾಯಿತು. ಮಿಷಿನ್ನು ತುಳಿದು ತುಳಿದು ಆಗಿದೆ ಎಂದು ಅವಳು ಎಣ್ಣೆ ಸವರಿಕೊಂಡಳು. ಆಮೇಲೆ ಕೆಂಪು ಗುಳ್ಳೆಗಳೆದ್ದವು. ನೀರು ತುಂಬಿಕೊಂಡ ಸಣ್ಣ ಸಣ್ಣ ಗುಳ್ಳೆಗಳು, ಸಾಲಾಗಿ, ಹೊಟ್ಟೆಯ ಕಡೆಯಿಂದ ಬೆನ್ನಿನ ಕಡೆಗೆ. ಅಮ್ಮ ನೋಡಿ ಅಜ್ಜಿಯನ್ನು ಕರೆದಳು. ಅಜ್ಜಿ ನೋಡಿದವಳೇ ಗೋಡೆ ಹಿಡಿದು ಕೂತಳು. "ಹುಳ ಸುತ್ತಿದೆ" ಎಂದಳು. ಸರ್ಪಸುತ್ತು! ನಮ್ಮ ಕಡೆ ಅದರ ಬಗ್ಗೆ ಒಂದೇ ಮಾತು, ನೀವೂ ಕೇಳಿರುತ್ತೀರಿ: ಅದು ಸೊಂಟವನ್ನು ಸುತ್ತುತ್ತಾ ಹೋಗಿ ತಲೆಯೂ ಬಾಲವೂ ಕೂಡಿದರೆ ಜೀವ ಉಳಿಯುವುದಿಲ್ಲ. ಅಮ್ಮ ಹಟ ಮಾಡಿ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಅದು ಮೈಯ ಒಂದೇ ಕಡೆ ಇರುತ್ತದೆ, ಸುತ್ತುವುದೂ ಇಲ್ಲ, ಕೂಡುವುದೂ ಇಲ್ಲ, ಚಿಕ್ಕ ಮಕ್ಕಳನ್ನು ಮಾತ್ರ ದೂರ ಇಡಿ ಎಂದರಂತೆ. ಅಜ್ಜಿ ಅಷ್ಟಕ್ಕೆ ಬಿಡುವವಳೇ? ಅಪ್ಪನ ಬಸ್ಸಿನಲ್ಲೇ ಅತ್ತೆಯನ್ನು ಸೊರಬದ ಆಚೆಯ ಹಳ್ಳಿಯೊಂದಕ್ಕೆ ಕರೆದೊಯ್ದಳು. ಅಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವ ವಯಸ್ಸಾದವರೊಬ್ಬರಿದ್ದರು. ಅವರು ಗುಳ್ಳೆಸಾಲಿನ ಎರಡೂ ತುದಿಗೆ ಕೆಮ್ಮಣ್ಣಿನ ಅಡ್ಡಗೆರೆ ಎಳೆದು, ನೀರಿಗೆ ಒಡ್ಡು ಹಾಕಿದ ಹಾಗೆ, ಇದನ್ನು ದಾಟಿ ಮುಂದೆ ಹೋಗದು ಎಂದು ಹೇಳಿ, ಒಂದು ಉಂಡೆ ಕೆಮ್ಮಣ್ಣು ಕೊಟ್ಟು ಕಳಿಸಿದರು. "ಮಾತ್ರೆನೂ ನುಂಗು, ಇದೂ ಇರ್ಲಿ" ಎಂದು ಅಜ್ಜಿ ದಿನಾ ಅದನ್ನು ತೇದು ಗೆರೆಗಳನ್ನು ಹೊಸದು ಮಾಡುವಳು. ಮನೆಯೆಲ್ಲ ಆ ವಾಸನೆ.

ನನ್ನನ್ನು ಹಿಂದಿನ ಕೋಣೆಗೆ ಬಿಡುತ್ತಿರಲಿಲ್ಲ. ಬಾಗಿಲಿನಲ್ಲಿ ನಿಂತು ನೋಡಬಹುದಿತ್ತು, ಅಷ್ಟೇ. ಬಟ್ಟೆ ತಾಗಿದರೆ ಉರಿಯೆಂದು ಅತ್ತೆ ಗೋಡೆ ಕಡೆ ತಿರುಗಿ ಕೂತಿರುವಳು. ಗಿರಾಕಿಗಳು ನೋಡಿಕೊಳ್ಳಲೆಂದು ಮುಂದೆ ಇಟ್ಟಿದ್ದ ಉದ್ದನೆಯ ಕನ್ನಡಿಯನ್ನು ಒಳಗೆ ತರಿಸಿಕೊಂಡಿದ್ದಳು. ಯಾಕೆಂದು ಆಗ ನಾನು ಯೋಚಿಸಲಿಲ್ಲ. ಬೂದನ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯಿಂದ ಬರುವಾಗ ದಾರಿಬದಿಯ ಗರಿಕೆ ಕಿತ್ತು ತರುವುದು, ಗೂಡು ಗುಡಿಸುವುದು, ನೀರಿಡುವುದು. ಮೊದಲೆಲ್ಲ ಅತ್ತೆ ಮಾಡುತ್ತಿದ್ದದ್ದು. ಬೂದನಿಗೂ ಬೇಸರವಾಗಿತ್ತು. ಮಿಷಿನ್ನಿನ ಸದ್ದು ನಿಂತದ್ದಕ್ಕೋ ಏನೋ, ಅದು ಹಿಂಗಾಲಿನಿಂದ ಗೂಡಿನ ಹಲಗೆಯನ್ನು ಧಬ್ಬೆಂದು ಗುದ್ದುತ್ತಿತ್ತು. ಮೊಲ ಹೆದರಿದಾಗ ಹಾಗೆ ಮಾಡುತ್ತದೆ ಎಂದು ಅತ್ತೆಯೇ ಹೇಳಿಕೊಟ್ಟಿದ್ದಳು. ಆ ಸದ್ದು ಕೇಳಿದಾಗಲೆಲ್ಲ ನಾನು ಅತ್ತೆಯ ಬಾಗಿಲಿಗೆ ಓಡುತ್ತಿದ್ದೆ.

ಒಂದು ಸಂಜೆ ಗೂಡಿಗೆ ಕೈ ಹಾಕಿ ಬೂದನ ಬೆನ್ನು ಸವರಿದೆ. ಅಂಗೈ ತುಂಬಾ ಕೂದಲು ಬಂತು. ಎಳೆಯಲಿಲ್ಲ, ಕೀಳಲಿಲ್ಲ, ಸುಮ್ಮನೆ ಸವರಿದ್ದಷ್ಟೇ. ಇನ್ನೊಮ್ಮೆ ಸವರಿದರೆ ಇನ್ನೊಂದು ಮುಷ್ಟಿ. ಬೂದನನ್ನು ಬೆಳಕಿಗೆ ತಂದು ನೋಡಿದೆ. ಕತ್ತಿನ ಹಿಂದಿನಿಂದ ಹೊರಟು ಎರಡೂ ಪಕ್ಕೆಯ ಮೇಲೆ ಒಂದು ಗೆರೆ ಎದ್ದಿತ್ತು. ಗೆರೆಯ ಈಚೆ ಕಪ್ಪುಮಿಶ್ರಿತ ಹೊಳೆಯುವ ಕೂದಲು, ಆಚೆ ಮಾಸಿದ, ಬಿಸಿಲಿಗೆ ಬೆಂದ ಹಾಗಿದ್ದ ಕೂದಲು. ಗೆರೆಯುದ್ದಕ್ಕೂ ಕೂದಲು ತೆಳ್ಳಗಾಗಿ ನಸುಗೆಂಪು ಚರ್ಮ ಕಾಣುತ್ತಿತ್ತು, ಅದರ ಮೇಲೆ ಹಿಟ್ಟು ಉದುರಿದಂತೆ ಬಿಳಿ ಹೊಟ್ಟು. ಎಡಗಡೆಯ ಗೆರೆ, ಬಲಗಡೆಯ ಗೆರೆ, ಎರಡೂ ಹಿಂದಕ್ಕೆ ಹೋಗಿ ಬಾಲದ ಮೇಲುಗಡೆ ಬಾಗಿದ್ದವು. ನಡುವೆ ನನ್ನ ಅಂಗೈ ಅಗಲದ ಜಾಗವಿತ್ತು. ಅಯ್ಯೋ ದೇವರೇ ಎಂದು ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಅದು ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅತ್ತೆಯನ್ನು ಸುತ್ತಿದ್ದೇ ಬೂದನನ್ನೂ ಸುತ್ತುತ್ತಿತ್ತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊಲವನ್ನು ಎಲ್ಲಾದರೂ ಬಿಟ್ಟುಬರುತ್ತಾರೆ ಎಂಬ ಹೆದರಿಕೆ ಒಂದು. ಇನ್ನೊಂದು ಅದಕ್ಕಿಂತ ದೊಡ್ಡದು. ಒಂದೇ ಹುಳ ಇಬ್ಬರನ್ನೂ ಸುತ್ತುತ್ತಿದ್ದರೆ ಒಬ್ಬರ ಮೈಮೇಲೆ ಕೂಡಿದ ದಿನವೇ ಇನ್ನೊಬ್ಬರ ಮೈಮೇಲೂ ಕೂಡುತ್ತದೆ ಎಂದು ನನ್ನ ಲೆಕ್ಕ. ಅತ್ತೆಯ ಪಕ್ಕೆಯನ್ನು ನನಗೆ ಹತ್ತಿರದಿಂದ ನೋಡುವಂತಿರಲಿಲ್ಲ, ಆದರೆ ಬೂದನ ಬೆನ್ನು ನನ್ನ ಕೈಯಲ್ಲಿತ್ತು. ದಿನಾ ಬೆಳಿಗ್ಗೆ ಎದ್ದ ತಕ್ಷಣ ಹಿತ್ತಲಿಗೆ ಓಡಿ ಆ ಎರಡು ತುದಿಗಳ ನಡುವೆ ಕೈ ಇಟ್ಟು ನೋಡುತ್ತಿದ್ದೆ. ಮೊದಲು ಅಂಗೈ ಹಿಡಿಸುತ್ತಿದ್ದ ಜಾಗದಲ್ಲಿ ಆಮೇಲೆ ಬೆರಳುಗಳು ಮಾತ್ರ ಹಿಡಿಸಿದವು. ಶಾಲೆಯಲ್ಲಿ ಕೂತರೆ ಟೀಚರ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಮನೆಗೆ ಹೋಗುವಷ್ಟರಲ್ಲಿ ಕೂಡಿಬಿಟ್ಟಿದ್ದರೆ? ಬೀದಿಯ ತಿರುವಿನಲ್ಲೇ ನಿಂತು ನಮ್ಮ ಮನೆ ಮುಂದೆ ಜನ ಸೇರಿದ್ದಾರಾ ಎಂದು ನೋಡಿಕೊಂಡು ಆಮೇಲೆ ಹೆಜ್ಜೆ ಇಡುತ್ತಿದ್ದೆ. ಉದುರಿದ ಕೂದಲನ್ನೆಲ್ಲ ಆಯ್ದು ಕರಿಬೇವಿನ ಬುಡದಲ್ಲಿ ಹೂಳುತ್ತಿದ್ದೆ. ಆದರೆ ಮೊಲದ ಕೂದಲನ್ನು ಬಚ್ಚಿಟ್ಟವರು ಉಂಟೇ? ಅದು ಬಾಗಿಲ ಸಂದಿಯಲ್ಲಿ, ಒಣಹಾಕಿದ ಬಟ್ಟೆಯಲ್ಲಿ, ಅಜ್ಜಿಯ ದಿಂಬಿನ ಮೇಲೆ, ಎಲ್ಲೆಂದರಲ್ಲಿ ತೇಲುತ್ತಾ ಹೋಗಿ ಕೂರುತ್ತಿತ್ತು.

ಸಿಕ್ಕಿಬಿದ್ದದ್ದು ಸಾರಿನಲ್ಲಿ. ಎರಡು ಟ್ರಿಪ್ಪುಗಳ ನಡುವೆ ಊಟಕ್ಕೆ ಬಂದಿದ್ದ ಅಪ್ಪ ತಟ್ಟೆಯಿಂದ ಒಂದು ಬೂದು ಎಳೆಯನ್ನು ಎತ್ತಿ ಹಿಡಿದರು. ಅಜ್ಜಿ ನೋಡಿದಳು, ಎದ್ದಳು, ಸೀದಾ ಹಿತ್ತಲಿಗೆ ಹೋದಳು. ಅಲ್ಲಿಯವರೆಗೆ ಮೊಲವನ್ನು ಮುಟ್ಟದವಳು ಅವತ್ತು ಗೂಡಿನ ಬಾಗಿಲು ತೆಗೆದು ಅದನ್ನು ಹಿಡಿದು ಎಳೆದಳು. ಕೈಗೆ ಒಂದು ಮುಷ್ಟಿ ಕೂದಲು ಬಂತು. ಗೆರೆ ಕಂಡಿತು. "ಅಯ್ಯಯ್ಯೋ, ಇದಕ್ಕೂ ಸುತ್ತಿದೆಯಲ್ರೋ! ಇದೇ ತಂದದ್ದು, ಇದೇ ನನ್ ಮಗಳಿಗೆ ತಂದಿಟ್ಟದ್ದು!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅಮ್ಮ ಓಡಿಬಂದು ನನ್ನ ಲಂಗ ಎತ್ತಿ ಸೊಂಟದ ಸುತ್ತ ನೋಡಿದಳು, ಅವಳ ಬೆರಳುಗಳು ತಣ್ಣಗಿದ್ದವು. "ಅವ್ವ, ಮೊಲಕ್ಕೆಲ್ಲಿ ಸರ್ಪಸುತ್ತು..." ಎಂದು ಅಪ್ಪ ಶುರು ಮಾಡಿದರು. "ನೀ ಸುಮ್ನಿರು. ಟಿಕೆಟ್ ಹರಿಯೋದೊಂದು ಬಿಟ್ರೆ ನಿಂಗೇನು ಗೊತ್ತು? ನಾಳೆ ಮೊದಲ್ನೇ ಟ್ರಿಪ್ಪಿಗೆ ಗೋಣಿಚೀಲದಲ್ಲಿ ಹಾಕ್ಕೊಂಡು ಹೋಗು. ಸೊರಬದ ದಾರಿಲಿ ಕಾಡು ಸಿಗ್ತದಲ್ಲ, ಅಲ್ಲಿ ಇಳಿಸಿ ಬಾ." ಅಪ್ಪ ಅವ್ವನ ಮಾತು ಮೀರಿದವರಲ್ಲ. ಗೂಡಿನಲ್ಲೇ ಹುಟ್ಟಿ ಗೂಡಿನಲ್ಲೇ ಬೆಳೆದ ಜೀವ, ನಾಯಿ ಬೊಗಳಿದರೂ ನಡುಗುವಂಥದ್ದು, ಕಾಡಿನಲ್ಲಿ ಒಂದು ಹೊತ್ತು ಬದುಕುತ್ತದೆಯೇ? ನಾನು ಅಜ್ಜಿಯ ಸೆರಗು ಹಿಡಿದು ಅಳತೊಡಗಿದೆ. ಅಜ್ಜಿಯೂ ಅಳುತ್ತಿದ್ದಳು, ಅದು ನನಗೆ ಇನ್ನೂ ಹೆದರಿಕೆ ತಂದಿತು.

ಆಗ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಅತ್ತೆ ಒಂದು ಕೈಯಿಂದ ಗೋಡೆ ಹಿಡಿದುಕೊಂಡು, ಇನ್ನೊಂದರಿಂದ ಸೀರೆಯನ್ನು ಪಕ್ಕೆಗೆ ತಾಗದಂತೆ ಎತ್ತಿಕೊಂಡು ಬಂದಳು. ಎಷ್ಟೋ ದಿನದ ಮೇಲೆ ಅವಳನ್ನು ಬೆಳಕಿನಲ್ಲಿ ನೋಡಿದ್ದು, ಮುಖ ಇಳಿದುಹೋಗಿತ್ತು. "ಕೊಡು ಅವನ್ನ" ಎಂದು ಒಗೆಯುವ ಕಲ್ಲಿನ ಮೇಲೆ ಕೂತು ಬೂದನನ್ನು ಮಡಿಲಿಗೆ ತೆಗೆದುಕೊಂಡಳು. ಅಂಗೈಗೆ ನೀರು ಚಿಮುಕಿಸಿಕೊಂಡು ಕತ್ತಿನಿಂದ ಬಾಲದವರೆಗೆ ನಿಧಾನವಾಗಿ ಸವರಿದಳು. ಹಳೇ ಕೂದಲು ಹಸಿ ಕೈಗೆ ಅಂಟಿಕೊಂಡು ಸುರುಳಿ ಸುರುಳಿಯಾಗಿ ಬಂತು. ಬೂದ ಕಣ್ಣು ಅರೆ ಮುಚ್ಚಿತು. ಅತ್ತೆ ಬಾಗಿ ಗೆರೆಯ ಮೇಲೆ ಉಫ್ ಎಂದು ಊದಿದಳು; ಕೂದಲು ಎರಡು ಭಾಗವಾಗಿ ಚರ್ಮ ಕಂಡಿತು. "ನೋಡವ್ವ. ಗುಳ್ಳೆ ಎಲ್ಲೈತಿ, ತೋರ್ಸು. ನೀರಿಲ್ಲ, ಕೀವಿಲ್ಲ, ಹುಣ್ಣಿಲ್ಲ. ಅಡಿಯಾಗೆ ಹೊಸ ಕೂದ್ಲು ಹುಟ್ಟೈತಿ, ಮುಟ್ಟು. ಹೋದ್ ವರ್ಷ ಆನವಟ್ಟಿಯಾಗೂ ಹಿಂಗೇ ಬಿಟ್ಟಿದ್ದ. ಚಳಿ ಹೋತು, ಹಳೇದು ಬಿಚ್ತಾನೆ, ಅಷ್ಟೇ." ಅಜ್ಜಿ ಮುಟ್ಟಲಿಲ್ಲ. ಅತ್ತೆ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು: "ನೀನ್ ಹೇಳೋ ಹುಳನೇ ಪೊರೆ ಬಿಡಲ್ವೇನು? ಹಿತ್ತಲಾಗೆ ಪೊರೆ ಸಿಕ್ರೆ ಒಳ್ಳೇದು ಅಂತ ನೀನೇ ಎತ್ತಿಟ್ಕೊಂಡಿದ್ದೆ. ಇದು ಸುತ್ತಲ್ಲವ್ವ, ಪೊರೆ."

ಅಜ್ಜಿ ಕೈಗಂಟಿದ್ದ ಕೂದಲನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ಸುತ್ತೋ ಪೊರೆಯೋ, ತಲೆ ಬಾಲ ಕೂಡಿದ ದಿನ ತಾನಾಗಿ ಗೊತ್ತಾಗ್ತದೆ. ಅಲ್ಲೀವರೆಗೆ ಇರ್ಲಿ" ಎಂದು ಒಳಗೆ ಹೋದಳು. ಅಪ್ಪ ಬಿಡುಗಡೆಯಾದವರಂತೆ ಚಪ್ಪಲಿ ಮೆಟ್ಟಿ ಬಸ್ಸಿಗೆ ಓಡಿದರು. ಬೂದ ಉಳಿಯಿತು. ಆದರೆ ನನ್ನ ಹೆದರಿಕೆ ಮೊದಲಿಗಿಂತ ಹೆಚ್ಚಾಯಿತು. ಮೊದಲು ಆ ಲೆಕ್ಕ ನನ್ನೊಬ್ಬಳದಾಗಿತ್ತು, ಈಗ ಅಜ್ಜಿಯೂ ಅದನ್ನೇ ಕಾಯುತ್ತಿದ್ದಳು.

ಗೆರೆಯ ತುದಿಗಳು ಒಂದು ಬೆರಳಿನಷ್ಟು ಹತ್ತಿರ ಬಂದಾಗ ಬೂದ ಮೇವು ಬಿಟ್ಟಿತು. ಗರಿಕೆ ಹಾಕಿದ್ದು ಹಾಕಿದಂತೆಯೇ ಬಾಡಿತು. ಮೂಲಂಗಿ ಸೊಪ್ಪೆಂದರೆ ಜೀವ ಬಿಡುತ್ತಿದ್ದದ್ದು ಅದನ್ನೂ ಮೂಸಲಿಲ್ಲ. ಹಿಕ್ಕೆಗಳು ಸಣ್ಣದಾಗಿ, ಕೂದಲಿನಲ್ಲಿ ಪೋಣಿಸಿದ ಜಪಮಣಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದವು. ನಾನು ಅತ್ತೆಯ ಬಾಗಿಲಿಗೆ ಓಡಿ ಹೇಳಿದೆ. ಅವಳ ಮುಖದ ಬಣ್ಣ ಹೋದದ್ದನ್ನು ಕಂಡೆ. ಆದರೂ ಗಟ್ಟಿ ದನಿಯಲ್ಲೇ ಹೇಳಿದಳು: "ಮೈ ನೆಕ್ಕಿ ನೆಕ್ಕಿ ಕೂದ್ಲು ಹೊಟ್ಟಿಗೆ ಹೋಗೈತಿ. ಬೆಕ್ಕಾದ್ರೆ ಕಕ್ಕತಿ, ಇವಕ್ಕೆ ಕಕ್ಕಾಕೆ ಬರಲ್ಲ. ಉದುರೋ ಕೂದ್ಲು ಎಲ್ಲಾ ನೀನೇ ಬಾಚಿ ತಗಿ ಪುಟ್ಟಿ. ನೀರು ಕುಡ್ಸು, ಬರೀ ಹುಲ್ಲು ಹಾಕು, ಗೂಡಿಂದ ಬಿಟ್ಟು ಓಡಾಡ್ಸು. ಹೆದ್ರಬ್ಯಾಡ." ನಾನು ಹಿತ್ತಲಿನ ಬಾಗಿಲು ಹಾಕಿಕೊಂಡು ಬೂದನನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತೆಯ ಹಲ್ಲು ಬಿಡಿಯಾದ ಬಾಚಣಿಗೆಯಿಂದ ಬಾಚಿದೆ. ಹಸಿ ಅಂಗೈಯಿಂದ ಸವರಿದೆ. ಬಾಯಿಗೆ, ಮೂಗಿಗೆ, ರೆಪ್ಪೆಗೆ ಕೂದಲು. ಬಾಲದ ಹತ್ತಿರದ ಆ ಕೊನೆಯ ಹಳೇ ಕೂದಲಿಗೆ ಬಂದಾಗ ನನ್ನ ಕೈ ನಿಂತಿತು. ಅದನ್ನು ಬಾಚಿದರೆ ತುದಿಗಳು ಕೂಡುತ್ತವೆ. ಬಾಚದಿದ್ದರೆ ಅದು ನೆಕ್ಕುತ್ತದೆ, ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಕೂತು ನಾನು ಬೆವೆತದ್ದು ಈಗಲೂ ಮೈಗೆ ನೆನಪಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಬಾಚಿದೆ.

ಕಣ್ಣು ತೆರೆದಾಗ ಬೂದ ಇತ್ತು. ಬೆನ್ನು ಪೂರ್ತಿ ಒಂದೇ ಬಣ್ಣ, ಗೆರೆಯೇ ಇಲ್ಲ. ಅದು ನನ್ನ ಮಡಿಲಿನಿಂದ ಇಳಿದು ಹಿತ್ತಲಲ್ಲಿ ಒಂದು ಸುತ್ತು ಓಡಿತು, ಒಗೆಯುವ ಕಲ್ಲಿನ ಕೆಳಗೆ ನುಸುಳಿತು, ಹೊರಬಂದು ಮೀಸೆ ಉಜ್ಜಿಕೊಂಡಿತು. ಸಾಯುವ ಲಕ್ಷಣ ಒಂದೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಹುಲ್ಲೆಲ್ಲ ಖಾಲಿ, ಗೂಡಿನ ತುಂಬಾ ದಪ್ಪನೆಯ ಹಿಕ್ಕೆ. ಹಿಕ್ಕೆ ಕಂಡು ಅಷ್ಟು ಖುಷಿಪಟ್ಟವಳು ಶಿಕಾರಿಪುರದಲ್ಲಿ ನಾನೊಬ್ಬಳೇ ಇರಬೇಕು. ಯಾರು ಬೇಡವೆಂದರೂ ಕೇಳದೆ ಅತ್ತೆಯ ಕೋಣೆಯೊಳಗೇ ನುಗ್ಗಿದೆ. "ಕೂಡ್ತು ಅತ್ತೆ! ತಲೆ ಬಾಲ ಕೂಡ್ತು! ಏನೂ ಆಗ್ಲಿಲ್ಲ!" ಎಂದು ಕಿರುಚಿದೆ. ಅತ್ತೆ ಉದ್ದನೆಯ ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದಳು. ಒಂದು ಕೈಯಲ್ಲಿ ಸಣ್ಣ ಕನ್ನಡಿ. ಸೊಂಟಕ್ಕೆ ಹೊಲಿಗೆಯ ಟೇಪು ಸುತ್ತಿತ್ತು, ಗುಳ್ಳೆಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಗೀಟುಗಳು ಟೇಪಿನ ಮೇಲೆ ಒಂದೇ ಕಡೆ ಒತ್ತೊತ್ತಾಗಿ ಬಿದ್ದಿದ್ದವು. ಗುಳ್ಳೆಸಾಲು ಇದ್ದಲ್ಲಿಂದ ಅಲುಗಿರಲೇ ಇಲ್ಲ. ಆದರೂ ಅವಳು ದಿನಾ ಅಳೆಯುತ್ತಿದ್ದಳು. ಯಾವುದಕ್ಕೂ ಹೆದರದ ನನ್ನ ಶಾರದತ್ತೆ, ಅಜ್ಜಿಗೆ ಪೊರೆಯ ಪಾಠ ಹೇಳಿದವಳು, ಬಾಗಿಲು ಮುಚ್ಚಿಕೊಂಡು ತನ್ನ ಸ್ವಂತ ಸೊಂಟವನ್ನು ಗಿರಾಕಿಯ ಸೊಂಟದ ಹಾಗೆ ಅಳೆದುಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಟೇಪು ಕೈಬಿಟ್ಟಳು. "ನಿಜವಾಗ್ಲೂ ಏನೂ ಆಗ್ಲಿಲ್ವೇನೆ?" ಎಂದು ಕೇಳಿದಳು, ಚಿಕ್ಕ ಹುಡುಗಿಯ ಹಾಗೆ. "ಹುಲ್ಲೆಲ್ಲಾ ತಿಂದೈತಿ" ಎಂದೆ. ಅವಳು ನಗಲು ಹೋಗಿ ಪಕ್ಕೆ ಹಿಡಿದುಕೊಂಡು ಕೂತು ಅತ್ತಳು. "ನಂಗೂ ಭಯ ಇತ್ತು ಪುಟ್ಟಿ. ಭಾಳ ಭಯ ಇತ್ತು" ಎಂದಳು.

ಗುಳ್ಳೆಗಳು ಒಣಗಿದವು. ಉರಿ ಮಾತ್ರ ಬಹಳ ಕಾಲ ಉಳಿಯಿತು. ಕೂತವಳು ಏಳುವಾಗ ಪಕ್ಕೆಗೆ ಕೈ ಹೋಗುತ್ತಿತ್ತು. ಅಜ್ಜಿ ಉಳಿದ ಕೆಮ್ಮಣ್ಣನ್ನು ಹೊಸ್ತಿಲಿಗೆ ಬಳಿದು ಮುಗಿಸಿದಳು, ತಾನೇ ಗೆದ್ದೆ ಎಂಬ ಹಾಗೆ. ಇರಬಹುದು, ಯಾರು ಕಂಡವರು? ಬೂದನಿಂದ ಬಾಚಿದ ಕೂದಲನ್ನೆಲ್ಲ ಅತ್ತೆ ಹಿತ್ತಲಿನ ಬೇಲಿಯ ತಂತಿಗೆ ಸಿಕ್ಕಿಸಿದಳು. ಗುಬ್ಬಿಗಳು ಬಂದು ಕೊಕ್ಕಿನ ತುಂಬಾ ಕಚ್ಚಿಕೊಂಡು ಹೋಗಿ ಸೂರಿನಡಿ ಗೂಡಿಗೆ ಹಾಸಿಕೊಂಡವು. ಅಜ್ಜಿ ಹಾರಾಡುವ ಕೂದಲಿನ ಬಗ್ಗೆ ಗೊಣಗುವುದನ್ನು ಬಿಡಲಿಲ್ಲ, ಆದರೆ ಗುಬ್ಬಿ ಮರಿಗಳು ಚಿಲಿಪಿಲಿ ಎನ್ನುವಾಗ ಕಿವಿಗೊಡುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಬೂದ ಇನ್ನೂ ಕೆಲವು ಸಲ ಪೊರೆ ಬಿಟ್ಟು, ಮುದಿಯಾಗಿ, ಒಂದು ಬೆಳಿಗ್ಗೆ ಗೂಡಿನಲ್ಲಿ ಮಲಗಿದಂತೆಯೇ ಹೋಗಿತ್ತು. ಆಮೇಲೆ ಅಜ್ಜಿ ಹೋದಳು. ಆಮೇಲೆ ಅಪ್ಪನ ಬಸ್ಸು ನಿಂತಿತು, ಆಮೇಲೆ ಮನೆ. ಮನೆ ಬಿಡುವ ದಿನ ಸೂರಿನಡಿಯಿಂದ ಒಂದು ಹಳೇ ಗುಬ್ಬಿಗೂಡು ಕಳಚಿ ಬಿತ್ತು. ಅದರೊಳಗೆ ಇನ್ನೂ ಬೂದು ಬಣ್ಣದ ಮೆತ್ತೆ ಇತ್ತು.

ಅಂದಿನಿಂದ ನಾನು ಧೈರ್ಯವಂತೆಯಾದೆ ಎಂದುಕೊಂಡಿದ್ದೆ. ತುದಿ ಕೂಡಿದರೆ ಏನೂ ಆಗುವುದಿಲ್ಲ, ಉದುರಿದ್ದು ಮತ್ತೆ ಬರುತ್ತದೆ, ನಾನೇ ಕಣ್ಣಾರೆ ಕಂಡವಳಲ್ಲವೇ? ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ಗೊತ್ತಾದಾಗ ಶಿವಮೊಗ್ಗದ ನನ್ನ ಮನೆಗೇ ಕರೆದುಕೊಂಡು ಬಂದೆ. ಔಷಧಿ ಏರಿಸಿದ ಮೇಲೆ ಕೂದಲು ಉದುರತೊಡಗಿತು. ತಲೆ ಬಾಚುವಾಗ ಎಳೆಯದೆ, ಕೀಳದೆ, ನನ್ನ ಅಂಗೈ ತುಂಬಾ ಬಂತು. ಬಾಚುವುದನ್ನು ನಿಲ್ಲಿಸಿದೆ. ಅತ್ತೆ ತಿರುಗಿ ನೋಡದೆಯೇ, "ಗುಳ್ಳೆ ಎಲ್ಲೈತಿ, ತೋರ್ಸು" ಎಂದಳು. ಆಮೇಲೆ ನಕ್ಕು, "ಹೆದ್ರಬ್ಯಾಡ ಪುಟ್ಟಿ, ಪೊರೆ ಬಿಡಾಕತ್ತೀನಿ" ಎಂದಳು. "ಹೊಸದು ಬರ್ತತಿ ಅತ್ತೆ, ಬೂದನಿಗೆ ಬರ್ಲಿಲ್ಲೇನು?" ಎಂದೆ ನಾನು, ದೊಡ್ಡ ತಿಳಿವಳಿಕಸ್ಥೆಯ ಹಾಗೆ. ಉದುರಿದ ಕೂದಲನ್ನು ಅವಳು ಬಾಲ್ಕನಿಯ ಸರಳಿಗೆ ಸಿಕ್ಕಿಸಲು ಹೇಳಿದಳು. ಸಿಕ್ಕಿಸಿದೆ. ನಮ್ಮ ಬೀದಿಯಲ್ಲಿ ಗುಬ್ಬಿಗಳಿಲ್ಲ.

ಹೊಸದು ಬಂತು. ಔಷಧಿ ನಿಲ್ಲಿಸಿದ ಮೇಲೆ ಮೊದಲು ಕಿವಿಯ ಹಿಂದೆ, ಆಮೇಲೆ ನೆತ್ತಿಯ ಸುತ್ತ, ಎಳೆಗೂಸಿನ ಕೂದಲಿನಷ್ಟು ಮೆತ್ತಗೆ. ದಿನಾ ಸಂಜೆ ಅವಳ ತಲೆ ಸವರಿ, "ಇಲ್ಲಿಗೆ ಬಂತು, ಇನ್ನು ಇಷ್ಟೇ ಜಾಗ ಉಳಿದದ್ದು" ಎಂದು ಹೇಳುತ್ತಿದ್ದೆ. ಅವಳು ಕಣ್ಣು ಅರೆ ಮುಚ್ಚಿ ಕೇಳಿಸಿಕೊಳ್ಳುವಳು. ನೆತ್ತಿಯ ಮೇಲೆ ಕೊನೆಯ ಬೋಳು ಮುಚ್ಚಿ ತಲೆ ಪೂರ್ತಿ ಕೂಡಿಕೊಂಡಿತು. ನಾನು ಕನ್ನಡಿ ತಂದು ತೋರಿಸಿದೆ, ಅವಳು ಒಂದು ಗಳಿಗೆ ನೋಡಿಕೊಂಡಳು. ಅದೇ ವಾರ ಅತ್ತೆ ಹೋದಳು.

ಈಗ ನನ್ನ ಮಗಳ ಹತ್ತಿರ ಒಂದು ಮೊಲವಿದೆ. ಅದೂ ಬೂದು ಬಣ್ಣದ್ದೇ, ಹೆಸರು ಬೇರೆ. ಶಿವರಾತ್ರಿ ಕಳೆದ ಮೇಲೆ ಅದರ ಪಕ್ಕೆಯ ಮೇಲೆ ಗೆರೆ ಎದ್ದಾಗ ಮಗಳು ಅಳುತ್ತಾ ಬಂದಳು. ಮಡಿಲಲ್ಲಿ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟೆ: ಊದಿ ಚರ್ಮ ನೋಡು, ಗುಳ್ಳೆ ಇದ್ದರೆ, ಹುಣ್ಣಿದ್ದರೆ, ಹೊಟ್ಟು ಹಕ್ಕಳೆಗಟ್ಟಿ ಕೆರೆದುಕೊಳ್ಳುತ್ತಿದ್ದರೆ ಪಶುವೈದ್ಯರ ಹತ್ತಿರ ಹೋಗಬೇಕು, ಇಲ್ಲದಿದ್ದರೆ ಇದು ಪೊರೆ, ದಿನಾ ಬಾಚಬೇಕು, ಹುಲ್ಲು ಜಾಸ್ತಿ ಹಾಕಬೇಕು. ಅಂಗೈ ಒದ್ದೆ ಮಾಡಿಕೊಂಡು ಕತ್ತಿನಿಂದ ಸವರುತ್ತಾ ಬಂದೆ. ಎರಡೂ ಪಕ್ಕೆ ಮುಗಿಯಿತು, ಬೆನ್ನು ಮುಗಿಯಿತು. ಬಾಲದ ಮೇಲುಗಡೆ ಒಂದು ಬೆರಳಿನಷ್ಟು ಹಳೇ ಕೂದಲು ಉಳಿಯಿತು. ಅಲ್ಲಿಗೆ ಬಂದು ಬಾಚಣಿಗೆ ಎತ್ತಿ ಪಕ್ಕಕ್ಕಿಟ್ಟೆ.

"ಅಮ್ಮಾ, ಇಲ್ಲೊಂಚೂರು ಬಿಟ್ಟೆಯಲ್ಲ?" ಎಂದಳು ಮಗಳು.

"ಅದು ಅಲ್ಲೇ ಇರ್ಲಿ" ಎಂದೆ. "ಕೂಡಾದು ಬ್ಯಾಡ."